ತಾಯಿ ಉಳಿಸಿಕೊಟ್ಟ ಒಂದು ಕಣ್ಣು

ದುರ್ಗವ್ವನನ್ನು ನಂಬಿದ ಅಕ್ಕತಂಗಿಯರೇ, ನಾಡು ಒಂದಾಗುವ ವರ್ಷದ ಬೇಸಿಗೆಯಲ್ಲಿ ನನ್ನ ಮಗಳು ಗಂಗವ್ವನಿಗೆ ಮೈತುಂಬ ದಡಾರ ಎದ್ದಿತು. ಆಗ ಅವಳಿಗೆ ನಾಲ್ಕು ವರ್ಷ. ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ದಡಾರವನ್ನು ಯಾರೂ ಜಡ್ಡು ಅನ್ನುವುದಿಲ್ಲ, ಅವ್ವ ಮನೆಗೆ ಬಂದಿದ್ದಾಳೆ ಅನ್ನುತ್ತಾರೆ. ಅವಳಿರುವಷ್ಟು ದಿನ ಮಗ್ಗ ನಿಲ್ಲುತ್ತದೆ, ಒಗ್ಗರಣೆ ಹಾಕುವುದಿಲ್ಲ, ಔಷಧದ ಮಾತೇ ಇಲ್ಲ. ಹಾಲು ಎರೆದು ಅವಳನ್ನು ಕಳಿಸುವವರೆಗೆ ಮಗುವನ್ನು ಹೊಸ್ತಿಲು ದಾಟಿಸುವಂತಿಲ್ಲ. ಕಳಿಸುವುದೂ ಮಂಗಳವಾರವೇ ಆಗಬೇಕು.

ಮೈಮೇಲಿನ ಗುಳ್ಳೆ ಆರಿದವು, ಕಣ್ಣು ಮಾತ್ರ ತೆರೆಯಲಿಲ್ಲ. ರೆಪ್ಪೆಗಳು ಪಿಸುರು ಕಟ್ಟಿ ಅಂಟಿಕೊಂಡಿದ್ದವು. ಬಿಸಿನೀರಲ್ಲಿ ಅರಿವೆ ಅದ್ದಿ ಒರೆಸಲು ಹೋದರೆ ಅತ್ತೆ ಕೈ ಹಿಡಿದರು.

"ಮುಟ್ಟಬ್ಯಾಡ. ಕಣ್ಣ ಮುಚ್ಚಿದ ಅವ್ವನ ತಗೀತಾಳ."

ಮಗಳು ಗೋಡೆಗೆ ಮುಖಮಾಡಿ ನರಳುತ್ತಿದ್ದಳು. ನಮ್ಮವರು ಮಗ್ಗದ ಪಕ್ಕ ತಲೆಮೇಲೆ ಕೈಹೊತ್ತು ಕೂತಿದ್ದರು. ನನಗೆ ಅತ್ತೆಯ ಮೇಲೆ, ಗಂಡನ ಮೇಲೆ, ಕಡೆಗೆ ತಾಯಿ ದುರ್ಗವ್ವನ ಮೇಲೂ ಸಿಟ್ಟು ಬಂತು. ಅವ್ವನೆಂದು ಮಗಳ ತಲೆದೆಸೆಗೆ ಇಟ್ಟಿದ್ದ ಬೇವಿನ ಸೊಪ್ಪಿನ ಮುಂದೆ ಕೂತು ಅಂದೆ: "ಯವ್ವಾ, ಬಂದ ಮನಿ ಹಾಳ ಮಾಡಬ್ಯಾಡ. ನೀನಾ ಎದ್ದ ಹೋಗು, ಇಲ್ಲಾ ನನಗೊಂದು ದಾರಿ ತೋರ್ಸು."

ಮರುದಿನ ಶನಿವಾರ. ಯಾರೂ ಕರೆಯದೆ ದುರ್ಗವ್ವನ ಗುಡಿಯ ಪೂಜಾರಿ ಮುದುಕಿ ಹುಲಿಗೆವ್ವ ನಮ್ಮ ಬಾಗಿಲಿಗೆ ಬಂದಳು. ಮಗಳ ರೆಪ್ಪೆ ಬಿಡಿಸಿ ನೋಡಿದಳು. ಎಡಗಣ್ಣಿನ ಕರಿಗುಡ್ಡೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಹಾಲು ತಗೊಂಬಾ. ಅವ್ವನ್ನ ಈಗಿಂದೀಗ ಕಳಸ್ತೀನಿ," ಅಂದಳು.

"ಇವತ್ತ ಶನಿವಾರ ಐತಿ!" ಅತ್ತೆ ಬೆದರಿದರು.

"ವಾರ ನಾವು ಮಾಡಿದ್ದು. ತಾಯಿ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ. ಲಗೂ ಏಳ್ರಿ, ಕೂಸಿನ್ನ ದವಾಖಾನಿಗೆ ಒಯ್ರಿ."

ಅವಳು ಹಾಲು ಎರೆದದ್ದೇ ತಡ, ರೋಣದ ಮೇಲೆ ಹೋಗುವ ಗದಗಿನ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಗಳ ಮುಖಕ್ಕೆ ಧೂಳು ತಾಗದಂತೆ ಸೆರಗು ಮರೆಮಾಡಿದೆ. ಡಾಕ್ಟರು ನೋಡಿ ತಲೆ ಅಲ್ಲಾಡಿಸಿದರು.

"ಎಡಗಣ್ಣ ಹೋಗೇತ್ರಿ. ಕಣ್ಣ ಅಂಟಿದಾಗನ ತೊಳದು ಕರಕೊಂಡ ಬಂದಿದ್ರ ಎರಡೂ ಉಳೀತಿದ್ವು. ಬಲಗಣ್ಣ ಉಳಸಾಕ ನೋಡ್ತೀನಿ."

ದವಾಖಾನೆಯ ವರಾಂಡದಲ್ಲಿ ಕೂತು ದುರ್ಗವ್ವನ ಹೆಸರು ಬಿಟ್ಟು ಬೇರೆ ಮಾತಾಡಲಿಲ್ಲ. ಬಲಗಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ದಿನ ಗಂಗವ್ವ ನನ್ನನ್ನೇ ನೋಡಿ, "ಅವ್ವಾ, ನೀ ಕಾಣ್ತಿ," ಅಂದಳು. ಅಲ್ಲೇ ನೆಲಕ್ಕೆ ಬಿದ್ದು ತಾಯಿಗೆ ಕೈಮುಗಿದೆ. ತುಸು ಹೊತ್ತಿಗೆ ಮಗಳು ಎಡಕ್ಕೆ ಕೈಮಾಡಿ, "ಈ ಕಡಿ ದೀಪ ಯಾವಾಗ ಹಚ್ತಿ?" ಎಂದು ಕೇಳಿದಳು.

ಎಡಗಣ್ಣನ್ನು ಅವ್ವ ಒಯ್ದಳು ಅಂತ ಓಣಿಯವರು ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಅದನ್ನು ಕಳೆದದ್ದು ನಾವು ಕಾದ ಮಂಗಳವಾರ. ಬಲಗಣ್ಣು ಅವಳ ಪ್ರಸಾದ. ನಂಬಿಕೆ ನನಗೆ ಮೊದಲಿಗಿಂತ ಗಟ್ಟಿಯಾಗಿದೆ. ನಿಮ್ಮ ಮನೆಗೂ ಅವಳು ಬಂದರೆ ಬೇವು ಕಟ್ಟಿರಿ, ಅಡ್ಡಬೀಳಿರಿ. ಕೂಸಿನ ಕಣ್ಣು ಅಂಟಿದರೆ ಮಾತ್ರ ಅದೇ ದಿನ ಬಸ್ಸು ಹತ್ತಿರಿ. ತಾಯಿ ನಿಮ್ಮ ಜೊತೆಗೇ ಬರುತ್ತಾಳೆ.