ದೇಶದ ರಜೆಗೆ ಒಯ್ದ ಕೇಸರಿಬಾತು

ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿ ನಮ್ಮ ಪಕ್ಕದ ಮನೆಯವಳು ಕೊಮೊರೊಸ್ ದೇಶದವಳು. ಆಫ್ರಿಕಾ ಹತ್ತಿರ ಸಮುದ್ರದ ನಡುವಿನ ದ್ವೀಪಗಳಂತೆ. ನವೆಂಬರಿನ ಕೊನೆಗೆ ಒಂದು ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಿರಲಿಲ್ಲ. ಯಾಕೆ ಎಂದು ಬೇಲಿಯ ಮೇಲಿಂದ ಕೈಸನ್ನೆ ಮಾಡಿದೆ. "ಹಾಲಿಡೇ. ಮೈ ಕಂಟ್ರಿ" ಎಂದಳು.

ದೇಶಕ್ಕೆಲ್ಲ ರಜೆ ಎಂದರೆ ನನಗೆ ಗೊತ್ತಿದ್ದದ್ದು ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು. ಬಾವುಟ ಹಾರಿಸುತ್ತಾರೆ, ಸಿಹಿ ಹಂಚುತ್ತಾರೆ. ಒಳಗೆ ಹೋಗಿ ಕೇಸರಿಬಾತು ಮಾಡಿದೆ. ನನ್ನ ಮಗಳು ಇಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ಅವತ್ತು ಅವಳ ಡ್ಯೂಟಿ ಪಟ್ಟಿಯಲ್ಲಿ ಬಿಡುವಿತ್ತು, ಮಾತು ದಾಟಿಸಲು ಕರೆದುಕೊಂಡು ಹೋದೆ.

ಡಬ್ಬಿ ತೆಗೆದು ನೋಡಿ ಪಕ್ಕದವಳ ಮುಖ ಸಪ್ಪಗಾಯಿತು. ಇಂಗ್ಲಿಷಿನಲ್ಲಿ ಏನೋ ಹೇಳಿದಳು.

"ಅಮ್ಮಾ, ಇದು ಹಬ್ಬ ಅಲ್ಲ. ಅವರ ಪ್ರೆಸಿಡೆಂಟನ್ನ ಗುಂಡು ಹೊಡೆದು ಕೊಂದ ದಿನ. ಅದಕ್ಕೆ ರಜೆ" ಎಂದಳು ಮಗಳು.

"ಅಯ್ಯೋ, ಸಾವಿಗೆ ಸಿಹಿ ತಂದ್ನಲ್ಲೇ! ಮೊದಲೇ ಕೇಳಿ ಹೇಳ್ಬಾರ್ದಿತ್ತಾ?"

"ನೀನು ಬಾಯಿ ಬಿಡೋಕೆ ಬಿಟ್ರೆ ತಾನೇ? ಏಲಕ್ಕಿ ಕುಟ್ಟು ಅಂದೆ, ಕುಟ್ಟಿದೆ."

ಡಬ್ಬಿಗೆ ಕೈ ಚಾಚಿದೆ. ಪಕ್ಕದವಳು ಕೊಡಲಿಲ್ಲ. ಒಂದು ಚಮಚ ತಿಂದು, ತನ್ನ ತಮ್ಮನ ವಿಷಯ ಹೇಳಿದಳು. ಅವನು ಜ್ವರ ಬಂದು ಸತ್ತಿದ್ದೂ ಆ ದಿನವೇ. ಈಗ ಪ್ರತಿವರ್ಷ ದೇಶವೆಲ್ಲ ಆ ದೊಡ್ಡ ಮನುಷ್ಯನಿಗಾಗಿ ಬಾಗಿಲು ಮುಚ್ಚುತ್ತದೆ. ಇವಳು ಮಾತ್ರ ತಮ್ಮನಿಗಾಗಿ ಮುಚ್ಚಿದ್ದಾರೆ ಅಂದುಕೊಳ್ಳುತ್ತಾಳೆ.

"ನಿಮ್ಮವರನ್ನ ನೆನೆಯೋ ದಿನ ಯಾವುದು?" ಎಂದು ಮಗಳ ಮೂಲಕ ನನ್ನನ್ನು ಕೇಳಿದಳು.

"ಅಪ್ಪನ ತಿಥಿ ಹೇಳ್ಲಾ ಅಮ್ಮ?"

"ಅಪ್ಪಂದಲ್ಲ. ನಿಮ್ಮಣ್ಣಂದು."

"ಯಾವ ಅಣ್ಣ?"

ಅವಳಿಗೆ ನಾನು ಹೇಳಿರಲಿಲ್ಲ. ಅವಳು ಹುಟ್ಟುವ ಮೊದಲಿನ ಮಾತು. ಎರಡು ವರ್ಷದ ಗಂಡುಮಗು, ವಾಂತಿಭೇದಿ. ಅಷ್ಟು ಸಣ್ಣವರಿಗೆ ನಮ್ಮಲ್ಲಿ ತಿಥಿಯಿಲ್ಲ. ಗಂಡಸರು ಎತ್ತಿಕೊಂಡು ಹೋಗಿ ಹೂತು, ಬಂದು ಸ್ನಾನ ಮಾಡಿದರು. ನನ್ನನ್ನು ಹೊಸಲು ದಾಟಲು ಬಿಡಲಿಲ್ಲ. ಮತ್ತೆ ಹುಟ್ಟುತ್ತದೆ, ಏಳು, ಹಸುವಿಗೆ ಹುಲ್ಲು ಹಾಕು ಎಂದರು ಅತ್ತೆ. ಎದ್ದೆ. ಕ್ಯಾಲೆಂಡರ್ ನೋಡಲು ನನಗಾಗ ಬರುತ್ತಿರಲಿಲ್ಲ. ಮಳೆಗಾಲ ಎಂಬುದಷ್ಟೇ ಗೊತ್ತು.

ಮಗಳು ಇದನ್ನೆಲ್ಲ ಅರ್ಧ ಇಂಗ್ಲಿಷ್ ಮಾಡಿ ನಿಲ್ಲಿಸಿಬಿಟ್ಟಳು. ಪಕ್ಕದವಳಿಗೆ ಅಷ್ಟು ಸಾಕಾಯಿತು. ಇವತ್ತನ್ನೇ ಅವನಿಗೂ ಇಟ್ಟುಕೊಳ್ಳಿ ಎಂದಳು.

"ಬೇಡ ಅನ್ನು. ಇದು ಅವಳ ತಮ್ಮಂದು. ನನ್ನ ಮಗನಿಗೆ ಅವಂದೇ ದಿನ ಬೇಕು."

ಮಗುವನ್ನು ಎತ್ತಿಕೊಂಡು ಹೋದವರಲ್ಲಿ ಉಳಿದಿದ್ದವರು ನನ್ನ ಗಂಡನ ಅಣ್ಣ ಒಬ್ಬರೇ, ಮೈಸೂರಿನಲ್ಲಿ. ಮನೆಗೆ ಬಂದವಳೇ ಫೋನು ಮಾಡಿಸಿದೆ.

"ಭಾವ, ನನ್ನ ಮಗನ್ನ ಹೂತಿದ್ದು ಯಾವತ್ತು?"

"ಯಾವ ಮಗ? ನಿನಗಿರೋದು ಒಂದು ಹೆಣ್ಣಲ್ವೇನಮ್ಮ?"

"ದೊಡ್ಡಪ್ಪಾ, ಸ್ವಲ್ಪ ನೆನಪು ಮಾಡ್ಕೊಳ್ಳಿ" ಎಂದಳು ಮಗಳು.

ಆ ಕಡೆ ಟಿವಿ ಸದ್ದು. ಆಮೇಲೆ, "ಇಲ್ಲಮ್ಮ, ಅಂಥಾದ್ದೇನೂ ನೆನಪಿಲ್ಲ."

ಇನ್ನು ಕೇಳಲು ಯಾರೂ ಇರಲಿಲ್ಲ. ಮಗಳು ಫೋನು ಇಟ್ಟು ಅಣ್ಣನ ಹೆಸರು ಕೇಳಿದಳು. ಹೇಳಿದೆ. ಇನ್ನೊಂದು ಸಲ ಹೇಳು ಎಂದಳು. ನನ್ನ ಬಾಯಿಂದ ಅದು ಎರಡನೇ ಸಲ ಬರಲಿಲ್ಲ.