ರಜಿಯಾ ಟೀಚರ್ ಎಳೆದ ಗೀಟು

ರಜಿಯಾ ಟೀಚರ್ ಬೋರ್ಡಿನ ನಟ್ಟನಡುವೆ ಮೇಲಿಂದ ಕೆಳಗಿನವರೆಗೆ ಗೀಟು ಎಳೆದರೆಂದರೆ, ಅದನ್ನು ದಾಟುವ ಧೈರ್ಯ ಹತ್ತನೇ ತರಗತಿಯ ಯಾರಿಗೂ ಇರಲಿಲ್ಲ. ಗೀಟಿನ ಈಚೆ ನಿತ್ಯಸಮೀಕರಣದ ಎಡಭಾಗ, ಆಚೆ ಬಲಭಾಗ. ಎರಡೂ ಸಮ ಎಂದು ಪುಸ್ತಕ ಹೇಳಿದರೂ ಅವರು ಒಪ್ಪುತ್ತಿರಲಿಲ್ಲ. "ಪುಸ್ತಕ ಹೇಳ್ತು ಅಂತ ಹ್ಯಾಂಗ ನಂಬ್ತೀರಿ? ಸಾಬೀತು ಆಗೋತನಕ ಇವೆರಡೂ ಬ್ಯಾರೆ ಬ್ಯಾರೆ. ಬಲಗಡಿಗಿ ಬೇಕಾದಷ್ಟು ನೋಡ್ರಿ, ಮುಟ್ಟಬ್ಯಾಡ್ರಿ."

ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಸವಕಲ್ಯಾಣದ ನಮ್ಮ ಶಾಲೆಗೆ ಬರುತ್ತಿದ್ದರು. ಆಳು ಗಿಡ್ಡ, ದನಿ ಮಾತ್ರ ಹೊರಗಿನ ರಸ್ತೆಗೂ ಕೇಳಬೇಕು. ಕರಿ ಬುರ್ಖಾದ ತೋಳಿಗೆಲ್ಲ ಸೀಮೆಸುಣ್ಣದ ಪುಡಿ. ನಮ್ಮದು ಖಾಸಗಿ ಶಾಲೆ. ಹೆಡ್‌ಮಾಸ್ತರರು ಹ್ಞೂಂ ಅಂದರಷ್ಟೇ ಟೀಚರ್ ಕೆಲಸ ಮರುವರ್ಷಕ್ಕೆ ಮುಂದುವರಿಯುತ್ತಿತ್ತು. ಹಾಗಂತ ಅವರು ತಲೆ ತಗ್ಗಿಸಿದ್ದನ್ನು ನಾನು ಕಾಣೆ.

ನಮ್ಮದೊಂದು ಕಳ್ಳಾಟವಿತ್ತು. ಒಂದೆರಡು ಹಂತ ನೆಟ್ಟಗೆ ಬರೆದು, ದಾರಿ ಕಾಣದಾದ ಕೂಡಲೇ ಕೊನೆಯ ಸಾಲಿಗೆ ಹಾರಿಬಿಡುವುದು. ಉತ್ತರ ಪ್ರಶ್ನೆಯಲ್ಲೇ ಇರುತ್ತದಲ್ಲ! ಟೀಚರ್ ಇದನ್ನು "ಚೋರಿ" ಎನ್ನುತ್ತಿದ್ದರು. ಮುಂದಿನ ಹಂತ ತೋಚದಿದ್ದರೆ "ಇಲ್ಲಿಗೆ ನಿಂತೇನಿ" ಎಂದು ಬರೆದು ಪೆನ್ನು ಕೆಳಗಿಡಬೇಕು. ಹಾಗೆ ನಿಂತವರಿಗೆ ಬೈಗುಳವಿಲ್ಲ. ಹಾರಿದವರು ಮೊದಲಿನಿಂದ ಮತ್ತೆ ಬರೆಯಬೇಕು.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅರ್ಧ ಕ್ಲಾಸು ಹೀಗೇ ನಿಂತುಬಿಟ್ಟಿತು. ಹೆಡ್‌ಮಾಸ್ತರರು ಉತ್ತರಪತ್ರಿಕೆಗಳ ಕಟ್ಟು ಹಿಡಿದು ಕ್ಲಾಸಿಗೇ ನುಗ್ಗಿದರು.

"ಮೇಡಂ, ಇದೇನ್ರಿ? ಎಲ್ಲಾರೂ ನಿಂತೇ ಬಿಟ್ಟಾರ! ಐದು ಲೆಕ್ಕ ಆರಿಸಿ ಬಾಯಿಪಾಠ ಮಾಡಸ್ರಿ. ಇಲ್ಲಂದ್ರ ಮುಂದಿನ ವರ್ಷ ನೀವು ಇಲ್ಲಿ ಇರಂಗಿಲ್ಲ."

"ಬಿಲ್ಕುಲ್ ಆಗಂಗಿಲ್ರಿ ಸರ್," ಎಂದರು ಟೀಚರ್. "ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ನೋ ಹಿಮ್ಮತ್ ಈ ಹುಡುಗ್ರಿಗಿ ಈಗ ಬಂದದ. ಅದನ್ನ ನಾ ಕಸಗೊಳ್ಳಂಗಿಲ್ಲ."

ಹೆಡ್‌ಮಾಸ್ತರರು ಸಿಟ್ಟಿನಿಂದ ನನ್ನನ್ನು ಬೋರ್ಡಿಗೆ ಕರೆದರು. ಎಡಕ್ಕೆ 1 + sin θ, ಅದರ ಕೆಳಗೆ cos θ. ಬಲಕ್ಕೆ cos θ, ಅದರ ಕೆಳಗೆ 1 − sin θ. ನಾನು ಎಡಭಾಗ ಬರೆದೆ. ಮುಂದೇನೂ ಹೊಳೆಯಲಿಲ್ಲ. "ಉತ್ತರ ಎದುರಿಗೇ ಅದಲ್ಲ, ಬರದು ಮುಗಸು!" ಎಂದು ಹೆಡ್‌ಮಾಸ್ತರರು ಗದರಿದರು. ದಪ್ಪ ಅಕ್ಷರದಲ್ಲಿ "ಇಲ್ಲಿಗೆ ನಿಂತೇನಿ" ಎಂದು ಬರೆದೆ. ಅವರು ಪತ್ರಿಕೆಗಳನ್ನು ಮೇಜಿನ ಮೇಲೆ ಎಸೆದು ಹೋದರು.

ಆಗಲೂ ಟೀಚರ್ ಉತ್ತರ ಹೇಳಿಕೊಡಲಿಲ್ಲ. "ಸುಜಾತಾ, ಬಲಗಡಿ ಇದ್ದದ್ದು ಎಡಗಡಿ ಯಾವುದಿಲ್ಲ, ನೋಡವ್ವಾ" ಎಂದರಷ್ಟೇ. ನೋಡಿದೆ. ಎಡಕ್ಕೆ ಇಲ್ಲದ್ದು 1 − sin θ. ಮೇಲೂ ಕೆಳಗೂ ಅದರಿಂದ ಗುಣಿಸಿದೆ. ಮೇಲೆ 1 − sin²θ ಬಂತು, ಅಂದರೆ cos²θ. ಕೆಳಗಿನ cos θ ಜೊತೆ ಒಂದು cos θ ಹೊಡೆದುಹೋಯಿತು. ಉಳಿದದ್ದು ಗೀಟಿನ ಆಚೆಗಿದ್ದದ್ದೇ!

"ಈಗ ಸಮ ಅನ್ನು," ಎಂದರು.

"ಸಮ!" ಎಂದು ಹೆಡ್‌ಮಾಸ್ತರರ ಕೋಣೆಗೆ ಕೇಳುವಂತೆ ಕೂಗಿದೆ. ಇಡೀ ಕ್ಲಾಸು ನನ್ನ ಜೊತೆ ಕೂಗಿತು. ಅಷ್ಟು ಖುಷಿ ನನಗೆ ಪಾಸಾದ ದಿನವೂ ಆಗಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ಕೆಲವರು ಪಾಸಾದೆವು, ಕೆಲವರು ನಪಾಸು. ಬಾಯಿಪಾಠ ಮಾಡಿದ್ದರೂ ಹಾಗೇ ಆಗುತ್ತಿತ್ತೆಂದು ನಾನು ಇವತ್ತಿಗೂ ಜಗಳಕ್ಕೆ ನಿಲ್ಲುತ್ತೇನೆ. ಜೂನ್‌ನಲ್ಲಿ ಶಾಲೆ ತೆರೆದಾಗ ಟೀಚರ್ ಇರಲಿಲ್ಲ. ಅವರ ಜಾಗಕ್ಕೆ ಬಂದವರು ಮೊದಲ ವಾರದಲ್ಲೇ ಐದು ಲೆಕ್ಕ ಬರೆಸಿದರಂತೆ.

ಕೊನೆಯ ಸಲ ರಜಿಯಾ ಟೀಚರನ್ನು ಕಂಡದ್ದು ನಾನು ಬಿ.ಎಸ್ಸಿ. ಓದುವಾಗ, ಹುಮನಾಬಾದ್ ಬಸ್ ನಿಲ್ದಾಣದಲ್ಲಿ. ರಾಜೇಶ್ವರದ ಒಂದು ಶಾಲೆಗೆ ಸೇರಿದ್ದರು. ನಾನು ಕೇಳಿಯೇಬಿಟ್ಟೆ.

"ಒಂದ್ಸಲ ಹ್ಞೂಂ ಅಂದಿದ್ರ ನಮ್ಮ ಸಾಲ್ಯಾಗೇ ಉಳೀತಿದ್ರಿ, ಟೀಚರ್."

"ಉಳೀತಿದ್ದೆ. ನಿಮ್ಮ ಮುಂದ ಯಾವ ಮಾರಿ ಹೊತ್ತು ನಿಂದರ್ತಿದ್ದೆ?"

"ರಾಜೇಶ್ವರದಾಗ ಬಾಯಿಪಾಠ ಮಾಡಸ್ರಿ ಅಂತ ಕೇಳಂಗಿಲ್ಲೇನ್ರಿ?"

"ಮೊದಲ್ನೇ ದಿನಾನೇ ಕೇಳ್ಯಾರ, ಆಗಂಗಿಲ್ಲ ಅಂದೇನಿ," ಎಂದು ಬಸ್ಸಿನ ಮೆಟ್ಟಿಲು ಹತ್ತುತ್ತ ನಕ್ಕರು. "ಮುಡಬಿ ಸಾಲ್ಯಾಗ ಒಂದು ಜಾಗಾ ಖಾಲಿ ಅದ ಅಂತ. ಅಲ್ಲಿಗಿ ಬಸ್ಸು ಎಷ್ಟು ಗಂಟೆಕ್ಕದ, ಕೇಳಿ ಇಟ್ಟೇನಿ."