ರೊಟ್ಟಿಯೊಳಗೆ ಎರಡು ಗುಂಡು

ಒಂದೇ ಬಂದೂಕು ಎರಡು ಬಸ್ಸಿನಲ್ಲಿ ಪ್ರಯಾಣ ಮಾಡಿದ್ದನ್ನು ಎಂದಾದರೂ ಕಂಡಿದ್ದೀರಾ? ನಾನು ಕಂಡೆ. ಹೋದ ವಾರ, ಚಿತ್ತಾಪುರದ ನಮ್ಮ ಬಂದೂಕು ರಿಪೇರಿ ಅಂಗಡಿಯಲ್ಲೇ.

ಮೊದಲ ಬಸ್ಸಿನಲ್ಲಿ ಸುಲೇಪೇಟದ ಬಡೇಸಾಬ್ ಬಂದರು. ಬಾಗಿಲು ತುಂಬುವಷ್ಟು ಆಳು. ಬಗಲಲ್ಲಿ ಉದ್ದನೆಯ ಚೀಲ. ಚೀಲದೊಳಗೆ ಜೋಡು ನಳಿಗೆ. ಬರೀ ನಳಿಗೆ.

"ಮರದ ಹಿಡಿ ಎಲ್ಲೈತ್ರಿ?" ಎಂದು ನನ್ನ ಮಗ ವೀರೇಶ ಕೇಳಿದ.

"ಹಿಂದಿನ ಬಸ್ಸಿನಾಗ ಬರ್ಲಿಕತ್ತದ," ಎಂದರು ಬಡೇಸಾಬ್, ಅದಕ್ಕೆ ಕಾಲಿದ್ದ ಹಾಗೆ.

ಹಿಂದಿನ ಬಸ್ಸಿನಲ್ಲಿ ಅವರ ತಮ್ಮ ಮಹಬೂಬ್ ಬಂದರು. ಕಡ್ಡಿಯಂಥ ಮನುಷ್ಯ. ಅವರ ಚೀಲದಲ್ಲಿ ಮರದ ಹಿಡಿ ಇತ್ತು. ಅಣ್ಣನಿಗೆ ಬೆನ್ನು ಕೊಟ್ಟು ಕುಳಿತರು. ಇಬ್ಬರ ಹೆಸರೂ ಒಂದೇ ಲೈಸೆನ್ಸಿನಲ್ಲಿದೆ. ಇಬ್ಬರ ಮನೆಗೂ ಒಂದೇ ಅಂಗಳ. ಆದರೆ ಮಾತು ಮಾತ್ರ ಬಂದ್.

ಸೇಡಂನಲ್ಲಿ ಕುಳಿತು ಓದುವ ನನ್ನ ಮೊಮ್ಮಕ್ಕಳೇ, ಪಲ್ಲವಿ, ಸಂಜೂ, ಪೇಪರಿನ ಈ ಅಂಕಣವನ್ನು ನಾನು ನಿಮಗಾಗಿ ಬರೆಯುತ್ತಿದ್ದೇನೆ. (ಊರವರೂ ಓದುತ್ತಾರೆ, ಗೊತ್ತು. ಹಾಲಿನ ಅಂಗಡಿಯವರು ಹೋದ ವಾರದ್ದನ್ನು ಓದಿ "ಆಯಿ, ಭಾಳ ಛಲೋ ಬರದೀರಿ" ಎಂದರು. ನಾನು ನಾಚಿ, ಹಾಲು ಬಿಟ್ಟು ಬರೀ ಪಾತ್ರೆ ಎತ್ತಿಕೊಂಡು ಮನೆಗೆ ಬಂದೆ.)

ಈ ರೈಫಲ್ ಅವರ ಅಪ್ಪನದು. ಬೇಟೆಗೆ ಅಡ್ಡಿಯಿಲ್ಲದ ಕಾಲದಲ್ಲಿ ಚಿಂಚೋಳಿ ಕಾಡಿನ ಅಂಚಿನಲ್ಲಿ ತಿರುಗಿದ ಮನುಷ್ಯ ಅವರು. ಈಗ ಅದು ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಎಲೆಕ್ಷನ್ ಬಂದಾಗ ಎದ್ದು ಪೊಲೀಸ್ ಠಾಣೆಗೆ ಹೋಗಿ ಜಮಾ ಆಗುತ್ತದೆ, ಎಲೆಕ್ಷನ್ ಮುಗಿದರೆ ವಾಪಸ್ ಬಂದು ಮತ್ತೆ ಮಲಗುತ್ತದೆ. ಹಾಗಾದರೆ ಅದು ನೆಟ್ಟಗೆ ಹೊಡೆದರೇನು, ಸೊಟ್ಟ ಹೊಡೆದರೇನು? ಹೀಗೆ ಕೇಳುವವರು ಒಮ್ಮೆ ಸೇಡಂನಲ್ಲಿರುವ ನಿಮ್ಮ ಅಪ್ಪನನ್ನು ನೋಡಬೇಕು. ಓಡದ ಆ ಸ್ಕೂಟರನ್ನು ಪ್ರತಿ ಭಾನುವಾರ ಒರೆಸುವುದು ಯಾಕೆ?

ತೀರಿಕೊಳ್ಳುವ ಮುಂಚೆ ಆ ಅಣ್ಣತಮ್ಮಂದಿರ ಅಪ್ಪ ಒಂದು ಜಾಣತನ ಮಾಡಿದರು. "ಬಲಗಡಿ ನಳಿಗಿ ದೊಡ್ಡಾವಂದು, ಎಡಗಡಿ ನಳಿಗಿ ಸಣ್ಣಾವಂದು" ಎಂದುಬಿಟ್ಟರು. ಒಬ್ಬನೇ ಎತ್ತಿಕೊಂಡು ಹೋಗದಿರಲಿ, ಬಂದೂಕಿನ ನೆಪದಲ್ಲಾದರೂ ಇಬ್ಬರೂ ಕೂಡಿ ಇರಲಿ ಎಂದು. ಮಕ್ಕಳು ಮಾತನ್ನು ಚಾಚೂ ತಪ್ಪದೆ ನಡೆಸಿದರು. ಹೇಗೆ? ಅಣ್ಣ ತನ್ನ ನಳಿಗೆಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದ. ತಮ್ಮ ತನ್ನದಕ್ಕೆ ಹೊಲಿಗೆ ಮಷಿನ್ನಿನ ಎಣ್ಣೆ ಹಚ್ಚುತ್ತಿದ್ದ. ಅಂಗಡಿಯ ಬೆಳಕಿನಲ್ಲಿ ನಾನೇ ನೋಡಿದೆ, ಎರಡು ನಳಿಗೆ ಎರಡು ಬಣ್ಣ.

ಹೋದ ಎಲೆಕ್ಷನ್ನಿನಲ್ಲಿ ಠಾಣೆಗೆ ಒಯ್ಯುವಾಗ ಬಂದೂಕು ಮೋಟಾರ್‌ಸೈಕಲ್ಲಿನಿಂದ ಕೆಳಗೆ ಬಿತ್ತು. ಬಾಯಿಯ ಹತ್ತಿರ ಎರಡು ನಳಿಗೆಯನ್ನು ಹಿಡಿದಿಡುವ ಬೆಸುಗೆ ಬಿಟ್ಟಿತು. ಬೀಳಿಸಿದ್ದು ಗಾಡಿ ಓಡಿಸಿದ ಅಣ್ಣನೋ, ಹಿಂದೆ ಹಿಡಿದು ಕುಳಿತ ತಮ್ಮನೋ? ಅಂದು ಬಂದ್ ಆದ ಮಾತು ಇನ್ನೂ ಶುರುವಾಗಿರಲಿಲ್ಲ.

"ವೀರೇಶಪ್ಪಾ, ಎರಡೂ ಗುಂಡು ಒಂದೇ ಕಡೆ ಬೀಳೋ ಹಂಗ ಮಾಡು," ಎಂದರು ಬಡೇಸಾಬ್. "ಆಗ್ಲಿಲ್ಲಂದ್ರ ಠಾಣೆದಾಗ ಒಪ್ಪಿಸಿಬಿಡ್ತೀವಿ. ವಾಪಸ್ ತರಂಗಿಲ್ಲ. ನಮ್ಮ ಮನ್ಯಾಗಿರೋ ಆ ಸಣ್ಣಾವರಿಗೂ ಕೇಳು, ಒಪ್ಪಿಗಿ ಅದನೋ ಇಲ್ಲೋ."

ಸಣ್ಣವರು ಒಂದು ಮೊಳ ದೂರದಲ್ಲಿದ್ದರು. "ಒಪ್ಪಿಗಿ ಅದ ಅಂತ ಹೇಳು, ವೀರೇಶಪ್ಪಾ."

ವೀರೇಶ ಇಬ್ಬರ ನಡುವೆ ಟೆಲಿಫೋನ್ ಆದ. ಆದರೆ ಅವನೊಳಗಿನ ಅಳುಕು ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಅಪ್ಪ ಹೋದ ಮೇಲೆ ಅವನ ಕೈಗೆ ಬಂದ ಮೊದಲ ಜೋಡು ನಳಿಗೆ ರೈಫಲ್ ಅದು. ರಾತ್ರಿ ಊಟಕ್ಕೆ ಕುಳಿತವನು "ಅವ್ವಾ, ಖಣಿಗೆ ನೀನೂ ಬಾ. ಕೌದಿ ತಗೊಂಡು ಬಾ," ಎಂದ.

ಸಂಜೂ, ಆಯಿಯ ಕೌದಿಗೆ ಪಟಾಕಿ ವಾಸನೆ ಯಾಕೆ ಎಂದು ನೀನು ದೀಪಾವಳಿ ರಜೆಯಲ್ಲಿ ಕೇಳಿದ್ದೆಯಲ್ಲ? ಅರ್ಧ ನಂದು, ಅರ್ಧ ನಿಂದು ಎಂದು ನೀವಿಬ್ಬರೂ ಹೊದೆಯಲು ಎಳೆದಾಡಿದ, ಹಳೆ ಸೀರೆ ಹೊಲಿದು ಮಾಡಿದ ಅದೇ ಕೌದಿ. ನಿಮ್ಮ ಮುತ್ಯಾ, ಅಂದರೆ ವೀರೇಶನ ಅಪ್ಪ, ಜೋಡು ನಳಿಗೆ ಪರೀಕ್ಷೆ ಮಾಡುವಾಗ ಕೈಯ ಕೆಳಗೆ ಅದನ್ನೇ ಮಡಚಿ ಇಡುತ್ತಿದ್ದರು. ಬಂದೂಕನ್ನು ಕಲ್ಲಿಗೋ ಕಬ್ಬಿಣಕ್ಕೋ ಕಟ್ಟಿ ಹೊಡೆದರೆ ಅದು ಸುಳ್ಳು ಹೇಳುತ್ತದಂತೆ. ಮನುಷ್ಯನ ಹೆಗಲ ಮೇಲಿದ್ದಾಗ ಮಾತ್ರ ನಿಜ ಹೇಳುತ್ತದಂತೆ.

ಶಹಾಬಾದಿನ ಆಚೆ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿ. ಠಾಣೆಗೆ ತಿಳಿಸಿ, ಖಣಿಯ ಮಾಲೀಕರನ್ನು ಕೇಳಿಕೊಂಡು ಹೋದೆವು. ಒಂದು ಬದಿಯಲ್ಲಿ ಹಾಸುಗಲ್ಲಿನ ಒಟ್ಟಿಲು, ಅದರ ಮೇಲೆ ಕೌದಿ. ಎದುರು ಗೋಡೆಗೆ ಮರಳಿನ ಚೀಲ, ಅದರ ಮೇಲೆ ಬಿಳಿ ಕಾಗದ. ಕಾಗದದ ಮೇಲೆ ನಾನು ಒಯ್ದ ಗರಿಗರಿ ಜೋಳದ ಖಟಿ ರೊಟ್ಟಿ ಒಂದನ್ನು ಇಟ್ಟು ವೀರೇಶ ಸುತ್ತಲೂ ಇದ್ದಿಲಿನಿಂದ ಗೆರೆ ಎಳೆದು ರೊಟ್ಟಿ ತೆಗೆದಿಟ್ಟ. ಇದು ನಿಮ್ಮ ಮುತ್ಯಾನ ಪದ್ಧತಿ. "ನಮ್ಮ ಕಡೆ ಬಂದೂಕಿಗೆ ನಮ್ಮ ಕಡೆ ಅಳತಿ. ಎರಡೂ ಗುಂಡು ರೊಟ್ಟಿಯೊಳಗ ಕುಂತ್ರ ಪಾಸ್," ಎನ್ನುತ್ತಿದ್ದರು. (ಪಾಸಾದ ಮೇಲೆ ಆ ರೊಟ್ಟಿಯನ್ನು ತಿನ್ನುವುದು ಬಂದೂಕಿನ ಮಾಲೀಕ. ಇದೂ ಪದ್ಧತಿಯೇ.)

ಜೋಡು ನಳಿಗೆಯ ಗುಟ್ಟು ಏನು ಗೊತ್ತಾ ಮಕ್ಕಳೇ? ನೋಡುವವರಿಗೆ ಅವು ರೈಲು ಹಳಿಯ ಹಾಗೆ ಸಮ ಅನಿಸುತ್ತವೆ. ಸಮ ಇರುವುದಿಲ್ಲ. ಬಲ ನಳಿಗೆ ಹೊಡೆದರೆ ಬಂದೂಕು ಬಲಕ್ಕೆ ಸಿಡಿಯುತ್ತದೆ, ಎಡದ್ದು ಹೊಡೆದರೆ ಎಡಕ್ಕೆ. ಅದಕ್ಕೇ ಎರಡನ್ನೂ ಬಾಯಿಯ ಕಡೆ ಒಂದಕ್ಕೊಂದು ತುಸುವೇ ವಾಲಿಸಿ, ನಡುವೆ ಸಣ್ಣ ಬೆಣೆ ಇಟ್ಟು ಬೆಸೆಯುತ್ತಾರೆ. ಸಿಡಿತ ದೂರ ಮಾಡುವುದನ್ನು ವಾಲಿಕೆ ಸರಿ ಮಾಡುತ್ತದೆ. ಎಷ್ಟು ವಾಲಿಸಬೇಕು? ಅದು ಲೆಕ್ಕಕ್ಕೆ ಸಿಗುವುದಿಲ್ಲ. ಹೊಡೆದು ನೋಡಬೇಕು, ಬೆಸುಗೆ ಕಾಯಿಸಿ ಬೆಣೆ ಸರಿಸಬೇಕು, ಆರಿದ ಮೇಲೆ ಮತ್ತೆ ಹೊಡೆದು ನೋಡಬೇಕು.

"ಎರಡೂ ನಂದೇ ಸರಿ ಅಂತ ನೆಟ್ಟಗ ನಿಂತ್ರ, ಎರಡೂ ಬ್ಯಾರೆ ಊರಿಗೆ ಹೋಗ್ತಾವ," ಎಂದು ನಿಮ್ಮ ಮುತ್ಯಾ ನಗುತ್ತಿದ್ದರು. ಸಂಸಾರಕ್ಕೂ ಇದೇ ಮಾತು ಹೇಳುತ್ತಿದ್ದರು. (ನಮ್ಮಿಬ್ಬರಲ್ಲಿ ಹೆಚ್ಚು ವಾಲಿದ್ದು ಯಾರು ಎಂದು ಕೇಳಬೇಡಿ. ಪೇಪರಿನಲ್ಲಿ ಬರೆಯುವ ಮಾತಲ್ಲ ಅದು.)

ಸರಿ, ಶುರುವಾಯಿತು. ಬಿಟ್ಟಿದ್ದ ಬೆಸುಗೆಯನ್ನು ವೀರೇಶ ಅಂಗಡಿಯಲ್ಲೇ ಅಂದಾಜಿನ ಮೇಲೆ ಬೆಣೆ ಇಟ್ಟು ಹಾಕಿ ತಂದಿದ್ದ. ವೀರೇಶ ತಾನೇ ಹೊಡೆಯುತ್ತೇನೆ ಎಂದ. ಅಣ್ಣತಮ್ಮಂದಿರು ಒಪ್ಪಲಿಲ್ಲ. ಅದೊಂದೇ ವಿಷಯದಲ್ಲಿ ಇಬ್ಬರದೂ ಒಂದೇ ಮಾತು.

"ಅಬ್ಬಾ ಕೊಟ್ಟ ನಳಿಗಿ ಅದ. ಮಂದಿ ಕೈಲೆ ಹೊಡಸಂಗಿಲ್ಲ. ನಂದು ನಾನೇ ಹೊಡಿತೀನಿ," ಎಂದರು ಬಡೇಸಾಬ್.

"ನಂದು ನಾ ಹೊಡಿತೀನಿ ಅಂತ ಹೇಳು," ಎಂದರು ಮಹಬೂಬ್.

ಗಿರಾಕಿಯ ಮಾತಿಗೆ ವೀರೇಶ ತಲೆಬಾಗಿದ. ಬಡೇಸಾಬ್ ಕುಳಿತು ಬಲ ನಳಿಗೆ ಹೊಡೆದು ಎದ್ದರು. ಮಹಬೂಬ್ ಕುಳಿತು ಎಡದ್ದು ಹೊಡೆದು ಎದ್ದರು. ಎಲ್ಲರೂ ಕಾಗದದ ಹತ್ತಿರ ಓಡಿದರು. ಒಂದು ಗುಂಡು ರೊಟ್ಟಿಯೊಳಗೆ, ಇನ್ನೊಂದು ಗೇಣು ದೂರ.

"ಒಳಗಿಂದು ಯಾರ್ದು?" ಇಬ್ಬರ ಬಾಯಲ್ಲೂ ಅದೇ ಪ್ರಶ್ನೆ. ಇಬ್ಬರೂ ವೀರೇಶನನ್ನೇ ಕೇಳಿದರು.

ಅವನು ಸ್ಟೌ ಹಚ್ಚಿ ಬೆಸುಗೆ ಕಾಯಿಸಿದ, ಬೆಣೆ ಸರಿಸಿದ, ಆರಿಸಿದ. ಮತ್ತೆ ಹೊಡೆದರು. ಈ ಸಲ ಗುಂಡುಗಳು ಒಂದನ್ನೊಂದು ದಾಟಿ ಆಚೀಚೆ ಬಿದ್ದವು. ಮತ್ತೆ ಕಾಯಿಸಿದ. ಈ ಸಲ ಎರಡೂ ಹೊರಗೆ.

"ಅವನ ನಳಿಗ್ಯಾಗ ದೋಷ ಅದ. ಮಷಿನ್ ಎಣ್ಣಿ ಹಚ್ಚಿದ್ರ ಮತ್ತೇನಾಗ್ತದ?"

"ಕೊಬ್ಬರಿ ಎಣ್ಣಿ ಹಚ್ಚಲಿಕ್ಕ ಅದೇನು ತಲಿಗೂದಲಾ ಅಂತ ಕೇಳು, ವೀರೇಶಪ್ಪಾ!"

ಬಿಸಿಲು ಏರುತ್ತಿತ್ತು. ವೀರೇಶನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಗೆ ಬೆಣೆಯನ್ನು ಮೊದಲು ತಾನು ಇಟ್ಟಿದ್ದ ಜಾಗಕ್ಕೇ ತಂದು ಬೆಸೆದ. ಮತ್ತೆ ಮತ್ತೆ ಬೆಂಕಿ ಕಂಡರೆ ಆ ಹಳೆಯ ಕಬ್ಬಿಣ ತಡೆಯುವುದಿಲ್ಲ. ಅದಕ್ಕಿಂತ ದೊಡ್ಡ ಚಿಂತೆ, ಬಂದೂಕಿಗೆ ತುಂಬುವ ತೋಟಾ, ಅಂದರೆ ಕಾಡತೂಸು, ಮುಗಿಯುತ್ತ ಬಂದಿತ್ತು. ಅಪ್ಪ ಇಟ್ಟು ಹೋದ ಹಳೆಯ ತೋಟಾಗಳು ಅವು. ಆ ಅಳತೆಯದು ಈಗ ಎಲ್ಲೂ ಸಿಗುವುದಿಲ್ಲ. ಉಳಿದಿದ್ದು ಎರಡೇ. ನಳಿಗೆಗೆ ಒಂದರಂತೆ.

ನಾನು ದೂರದಲ್ಲಿ ಕಲ್ಲಿನ ನೆರಳಲ್ಲಿ ಬುತ್ತಿ ಇಟ್ಟುಕೊಂಡು ಕುಳಿತಿದ್ದೆ. ನಾನು ಗುಂಡು ನೋಡುತ್ತಿರಲಿಲ್ಲ. ನನ್ನ ಕೌದಿ ನೋಡುತ್ತಿದ್ದೆ. (ಯಾರು ಅದರ ಮೇಲೆ ಮೊಣಕೈ ಊರಿದರೂ ನನಗೆ ಹೊಲಿಗೆಯ ಚಿಂತೆ.) ಬಡೇಸಾಬ್ ಹೊಡೆದಾಗ ಕೌದಿ ಇಟ್ಟಲ್ಲೇ ಇರುತ್ತಿತ್ತು. ಗುಡ್ಡದ ಹಾಗೆ ಕೂತ ಮನುಷ್ಯ, ಅಲುಗುವುದಾದರೂ ಹೇಗೆ? ಮಹಬೂಬ್ ಹೊಡೆದಾಗ ಅದು ಮುದುಡಿ ಎಡಕ್ಕೆ ಸರಿಯುತ್ತಿತ್ತು. ಪ್ರತಿ ಸಲ ವೀರೇಶ ಅದನ್ನು ಸರಿ ಮಾಡುತ್ತಿದ್ದ. ನಿಮ್ಮ ಮುತ್ಯಾ ಹೊಡೆಯುವಾಗ ಕೌದಿ ಬಲಕ್ಕೆ ಸರಿದಷ್ಟೇ ಎಡಕ್ಕೂ ಸರಿಯುತ್ತಿತ್ತು. ಯಾಕೆಂದರೆ ಎರಡೂ ನಳಿಗೆಯನ್ನು ಹೊಡೆಯುತ್ತಿದ್ದದ್ದು ಒಂದೇ ಹೆಗಲು.

ಹೇಳಲೇ? ಬೇಡವೇ? ಗಿರಾಕಿಗಳ ಮುಂದೆ ಮಗನಿಗೆ ತಾಯಿ ಪಾಠ ಹೇಳಿದರೆ ಅವನ ಮರ್ಯಾದೆ ಏನಾದೀತು? ನಮ್ಮಂಥವರಿಗೆ ಒಂದೇ ದಾರಿ.

"ವೀರೂ, ಒಂದ್ ತುತ್ತು ಉಂಡು ಹೋಗು ಬಾ," ಎಂದೆ.

"ಈಗೇನು ಊಟ, ಅವ್ವಾ!" ಎಂದು ಸಿಡುಕುತ್ತಲೇ ಬಂದ. ಪುಂಡಿಪಲ್ಯ ಬಡಿಸುತ್ತ ಮೆಲ್ಲಗೆ ಹೇಳಿದೆ. "ಗನ್ನಿನಾಗ ದೋಷ ಇಲ್ಲೋ. ಎರಡು ಹೆಗಲು ಅದಾವ. ಎರಡು ಹೆಗಲಿಗೆ ಒಂದು ಬೆಣಿ ಹೆಂಗ ಕೂಡ್ತದ?"

ಅವನು ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದ. ಆಮೇಲೆ ಮಾಡಬಾರದ್ದನ್ನು ಮಾಡಿದ. ಎದ್ದು ನಿಂತು ಖಣಿಗೆಲ್ಲ ಕೇಳುವ ಹಾಗೆ "ನಮ್ಮವ್ವ ಏನಂತಾಳ ಕೇಳ್ರಿ!" ಎಂದು ಕೂಗಿದ. ನಾನು ಸೆರಗನ್ನು ಮೂಗಿನವರೆಗೆ ಎಳೆದುಕೊಂಡೆ.

ವೀರೇಶ ಬಿಡಿಸಿ ಹೇಳಿದ. ಜೋಡು ನಳಿಗೆ ಕೂಡಬೇಕಾದರೆ ಎರಡನ್ನೂ ಒಬ್ಬರೇ ಹೊಡೆಯಬೇಕು. ಒಬ್ಬರ ಹೆಗಲಿಗೆ ಕೂಡಿದ್ದು ಇನ್ನೊಬ್ಬರಿಗೆ ಕೂಡದಿರಬಹುದು. ಉಳಿದಿರುವುದು ಎರಡು ತೋಟಾ. ನೀವೇ ಹೇಳಿ, ಯಾರು ಹೊಡೀತೀರಿ?

ವಾಡಿ ಕಡೆ ಎಲ್ಲೋ ರೈಲು ಕೂಗಿತು.

ನನಗೆ ಭಯವಾಗಿದ್ದು ಆಗ. ಇಬ್ಬರಲ್ಲಿ ಒಬ್ಬರು ಚೀಲ ಎತ್ತಿಕೊಂಡು ಎದ್ದರೆ ಮುಗಿಯಿತು. ನಳಿಗೆ ಒಂದು ಬಸ್ಸು, ಹಿಡಿ ಒಂದು ಬಸ್ಸು, ಕೊನೆಗೆ ಎರಡೂ ಠಾಣೆಗೆ. ವೀರೇಶನ ಮೊದಲ ಜೋಡು ನಳಿಗೆ ಅರ್ಧಕ್ಕೇ ನಿಂತಂತೆ.

ಬಡೇಸಾಬ್ ಬಂದೂಕು ಎತ್ತಿಕೊಂಡರು. ಮಹಬೂಬ್ ಮುಖ ಆಚೆ ತಿರುಗಿಸಿದರು. ಬಡೇಸಾಬ್ ನಳಿಗೆಯನ್ನು ಒಂದು ಸಲ ಸವರಿ, ನಡೆದು ಬಂದು, ಬಂದೂಕನ್ನು ತಮ್ಮನ ತೊಡೆಯ ಮೇಲೆ ಇಟ್ಟರು.

"ಹಿಡಿ. ನಂದೂ ನೀನೇ ಹೊಡಿ."

ನಡುವೆ ವೀರೇಶಪ್ಪ ಇರಲಿಲ್ಲ.

ಮಹಬೂಬ್ ಮರದ ಹಿಡಿಯ ಮೇಲೆ ಕೈ ಇಟ್ಟರು. ಆಮೇಲೆ, "ಹೊರಗ ಬಿದ್ರ ಮತ್ತ ನನ್ನ ಮ್ಯಾಲೇ ಹಾಕ್ತಿ," ಎಂದರು.

"ಹಾಕಂಗಿಲ್ಲ ಹೊಡಿಯೋ. ನನಗ ಆ ಕಾಗದನೇ ನೆಟ್ಟಗ ಕಾಣ್ಸಂಗಿಲ್ಲ. ಎರಡೆರಡು ರೊಟ್ಟಿ ಕಾಣ್ಲಿಕತ್ತಾವ."

"ಮದ್ಲ ಹೇಳಬಾರದಾ, ಭಾಯ್?"

"ಯಾರಿಗೆ ಹೇಳ್ಲಿ? ನೀ ಮಾತಾಡ್ತಿದ್ದೇನು?"

ವೀರೇಶ ಹೊಸ ಕಾಗದ ಅಂಟಿಸಿ ರೊಟ್ಟಿ ಇಟ್ಟು ಗೆರೆ ಎಳೆದ. ನಾನು ಎದ್ದು ಹೋಗಿ ಕೌದಿಯನ್ನು ಕೊಡವಿ ಮಡಚಿ ಇಟ್ಟೆ. ಮಹಬೂಬ್ ಕುಳಿತರು. ಬಲ ನಳಿಗೆ. ಕೌದಿ ಬಲಕ್ಕೆ ಸರಿಯಿತು. ಎಡ ನಳಿಗೆ. ಅಷ್ಟೇ ಎಡಕ್ಕೆ ಸರಿಯಿತು. ನನಗೆ ಅಲ್ಲೇ ಅರ್ಧ ಸಮಾಧಾನ.

ಕಾಗದದ ಹತ್ತಿರ ಈ ಸಲ ಯಾರೂ ಓಡಲಿಲ್ಲ. ನಿಧಾನಕ್ಕೆ ಹೋದರು. ಒಂದು ಗುಂಡು ರೊಟ್ಟಿಯ ನಟ್ಟ ನಡುವೆ. ಇನ್ನೊಂದು ಅಂಚಿನಲ್ಲಿ, ಇದ್ದಿಲಿನ ಗೆರೆಗೆ ಒಳಗಡೆಯಿಂದ ಆತುಕೊಂಡು.

"ಅಂಚು ರೊಟ್ಟಿನೋ ಅಲ್ಲೋ?" ಎಂದು ಬಡೇಸಾಬ್ ಕಣ್ಣು ಕಿರಿದು ಮಾಡಿ ಕೇಳಿದರು.

"ಅಂಚೇ ಖರೇ ರೊಟ್ಟಿ. ಖಟಕ್ಕನೆ ಮುರಿಯೋದು ಅದೇ," ಎಂದರು ಮಹಬೂಬ್.

ವೀರೇಶ ನನ್ನ ಕಡೆ ತಿರುಗಿದ. ಅಪ್ಪನ ಹಾಗೆಯೇ ಮೂಗು ಉಜ್ಜಿಕೊಂಡ. ಪಾಸ್.

ಪದ್ಧತಿಯ ಪ್ರಕಾರ ರೊಟ್ಟಿ ಮಾಲೀಕನದು. ಇದ್ದಿಲು ಒರೆಸಿ ಅಣ್ಣತಮ್ಮಂದಿರು ಮುರಿದುಕೊಂಡರು. ದೊಡ್ಡ ಚೂರು ಯಾರಿಗೆ ಎಂದು ಅಲ್ಲೂ ಸಣ್ಣ ಜಗಳವಾಯಿತು, ಬಾಯಿಬಿಟ್ಟು, ನೇರವಾಗಿ. ನನಗೆ ಕೇಳಲು ಹಿತವಾಗಿತ್ತು. "ಭಾಭಿ, ನಿಮ್ಮ ಕೌದಿ ಭಾಳ ಶಾಣ್ಯಾ ಅದ," ಎಂದರು ಬಡೇಸಾಬ್. ಹೊಗಳಿಕೆ ಕೌದಿಗೆ ಬಂದದ್ದರಿಂದ ನಾನು ಸೆರಗು ಎಳೆದುಕೊಳ್ಳಲಿಲ್ಲ.

ಆ ಬಂದೂಕು ಇನ್ನು ಗುಂಡು ಹಾರಿಸುವುದಿಲ್ಲ. ತೋಟಾ ಎಲ್ಲಿದೆ? ಆದರೂ ಅದು ಠಾಣೆಗೆ ಹೋಗಲಿಲ್ಲ. ನಳಿಗೆ, ಹಿಡಿ ಎರಡೂ ಒಂದೇ ಚೀಲದಲ್ಲಿ, ಒಂದೇ ಬಸ್ಸಿನಲ್ಲಿ, ಇಬ್ಬರ ತೊಡೆಯ ಮೇಲೆ ಅಡ್ಡಲಾಗಿ ಮಲಗಿ ಸುಲೇಪೇಟಕ್ಕೆ ಹೋಯಿತು.

ಕೌದಿ ಈಗ ಬಿಸಿಲಿನಲ್ಲಿದೆ. ರಜೆಗೆ ನೀವು ಬರುವಷ್ಟರಲ್ಲಿ ವಾಸನೆ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಯಾರ ಅರ್ಧ ಯಾವುದು ಎಂದು ಈ ಸಲವೂ ಎಳೆದಾಡುವ ಮುಂಚೆ ಒಂದು ಮಾತು ಕೇಳಿ. ಬೆಳಗಿನಿಂದ "ಒಳಗಿಂದು ಯಾರ್ದು, ಹೊರಗಿಂದು ಯಾರ್ದು" ಎಂದು ಬಡಿದಾಡಿದ ಆ ಇಬ್ಬರೂ ಕೊನೆಯ ಕಾಗದವನ್ನು ಮಡಚಿ ಒಂದೇ ಜೇಬಿಗಿಟ್ಟುಕೊಂಡು ಹೋದರು.

ಅಂಚಿನ ಗುಂಡು ಯಾವ ನಳಿಗೆಯದು ಎಂದು ಇಬ್ಬರೂ ಕೇಳಲಿಲ್ಲ. ನೀವು ಕೇಳುತ್ತೀರಾ?